ನಕ್ಷೆಯ ಚಿತ್ರದಿಂದ ಜಿಯೋಪಿಡಿಎಫ್: ಎಲ್ಲಿ ಕೆಡುತ್ತದೆ, ಹೇಗೆ ಸರಿಪಡಿಸುವುದು

ಜಿಯೋಪಿಡಿಎಫ್ ಅಂದರೆ ಜಾಗದ ಮಾಹಿತಿಯೂ ಸೇರಿರುವ ಪಿಡಿಎಫ್ ನಕ್ಷೆ. ಫೋನ್‌ನಲ್ಲಿ ತಕ್ಕ ಆ್ಯಪ್‌ನಿಂದ ತೆರೆದರೆ ನೀವು ನಿಂತ ಜಾಗ ಅದರ ಮೇಲೆ ನೀಲಿ ಚುಕ್ಕೆಯಾಗಿ ಕಾಣುತ್ತದೆ. ಅದಕ್ಕಾಗಿ ಗ್ರಾಮ ನಕಾಶೆ ಸ್ಕ್ಯಾನ್ ಮಾಡಿದ್ದೀರಿ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಬಿಂದುಗಳನ್ನು, ಅಂದರೆ ಚಿತ್ರದ ಯಾವ ಜಾಗ ನೆಲದ ಮೇಲೆ ಎಲ್ಲಿದೆ ಎಂಬ ಗುರುತುಗಳನ್ನು ಕೊಟ್ಟಿದ್ದೀರಿ. ಪಿಡಿಎಫ್ ಕೂಡ ಆಯಿತು. ಫೋನ್‌ಗೆ ಹಾಕಿಕೊಂಡು ಹೊಲಕ್ಕೆ ಹೋದರೆ ನೀಲಿ ಚುಕ್ಕೆಯೇ ಇಲ್ಲ. ಅಥವಾ ಇದೆ, ಆದರೆ ನೀವು ನಿಮ್ಮ ಬಾವಿಯ ಪಕ್ಕ ನಿಂತಿದ್ದರೆ ಚುಕ್ಕೆ ಪಕ್ಕದ ಊರಿನ ಕೆರೆಯೊಳಗೆ ಈಜುತ್ತಿದೆ.

ಹೀಗಾದಾಗ ಹೆಚ್ಚಿನವರು ಪಿಡಿಎಫ್ ಅನ್ನೇ ಮತ್ತೆ ಮತ್ತೆ ಎಕ್ಸ್‌ಪೋರ್ಟ್ ಮಾಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ತಪ್ಪು ಕಾಣಿಸುವುದು ಪಿಡಿಎಫ್‌ನಲ್ಲಿ, ಹುಟ್ಟಿರುವುದು ಸಾಮಾನ್ಯವಾಗಿ ಎರಡು ಮೂರು ಹಂತ ಹಿಂದೆ. ಅದಕ್ಕೇ ಇಲ್ಲಿ ಮುಖ್ಯ ಹಂತಗಳಲ್ಲಿ ಒಂದೊಂದು ಪರೀಕ್ಷೆ ಇದೆ. ಪರೀಕ್ಷೆಯಲ್ಲಿ ಪಾಸಾಗದೆ ಮುಂದಿನ ಹಂತಕ್ಕೆ ಹೋಗಬೇಡಿ.

ಉದಾಹರಣೆಗೆ ಗ್ರಾಮ ನಕಾಶೆಯನ್ನೇ ತೆಗೆದುಕೊಂಡಿದ್ದೇನೆ. ಜನ ಜಾಸ್ತಿ ಎಡವುವುದು ಅದರಲ್ಲೇ, ಯಾಕೆಂದರೆ ಅದರ ಮೇಲೆ ಅಕ್ಷಾಂಶ ರೇಖಾಂಶ ಬರೆದಿರುವುದಿಲ್ಲ.

## ಮೊದಲು ರೋಗ ಯಾವುದು ನೋಡಿ

ಈಗಾಗಲೇ ಒಂದು ಪಿಡಿಎಫ್ ಮಾಡಿ ಕೆಡಿಸಿಕೊಂಡಿದ್ದರೆ, ಕ್ಯೂಜಿಐಎಸ್‌ನಲ್ಲಿ ಹೊಸ ಖಾಲಿ ಪ್ರಾಜೆಕ್ಟ್ ತೆರೆದು ಆ ಪಿಡಿಎಫ್ ಅನ್ನು ಎಳೆದು ಹಾಕಿ. ಲೇಯರ್‌ನ ಪ್ರಾಪರ್ಟೀಸ್‌ನಲ್ಲಿ ಇನ್ಫರ್ಮೇಶನ್ ಪುಟ ನೋಡಿ.

ಎಕ್ಸ್‌ಟೆಂಟ್ ಎಂಬಲ್ಲಿ ಸೊನ್ನೆಯಿಂದ ಶುರುವಾಗಿ ಚಿತ್ರದ ಪಿಕ್ಸೆಲ್ ಲೆಕ್ಕವೇ ಕಾಣುತ್ತಿದ್ದರೆ ಪಿಡಿಎಫ್‌ಗೆ ಜಾಗದ ಮಾಹಿತಿ ಸೇರಿಯೇ ಇಲ್ಲ. ನೇರ 6ನೇ ಹಂತಕ್ಕೆ ಹೋಗಿ. ಆಫ್ರಿಕಾದ ಪಶ್ಚಿಮದ ಸಮುದ್ರದಲ್ಲಿ, ಸೊನ್ನೆ ಅಕ್ಷಾಂಶ ಸೊನ್ನೆ ರೇಖಾಂಶದ ಹತ್ತಿರ ಬಿದ್ದಿದ್ದರೆ ಸಿಆರ್‌ಎಸ್ (ಜಾಗದ ಅಂಕಿಗಳ ಲೆಕ್ಕದ ಪದ್ಧತಿ) ತಪ್ಪು, 3ನೇ ಹಂತ. ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಕೂತಿದ್ದರೆ ಅಕ್ಷಾಂಶ ರೇಖಾಂಶ ಅದಲು ಬದಲಾಗಿದೆ, 4ನೇ ಹಂತ. ತಮಾಷೆಯಲ್ಲ, ಬೆಂಗಳೂರಿನ 12.97 ಮತ್ತು 77.59 ತಿರುವು ಮುರುವಾದರೆ ನಕ್ಷೆ ನಿಜಕ್ಕೂ ಅಲ್ಲಿಗೇ ಹೋಗುತ್ತದೆ. ಜಾಗ ಸುಮಾರಾಗಿ ಸರಿ, ಆದರೆ ಹತ್ತಿಪ್ಪತ್ತು ಮೀಟರ್‌ನಿಂದ ಇನ್ನೂರು ಮೀಟರ್ ತನಕ ಸರಿದಿದೆ ಅಂದರೆ 3 ಮತ್ತು 4 ಎರಡನ್ನೂ ಓದಿ.

## 1. ಬೇಕಾಗುವ ಸಾಮಾನು

ಕಂಪ್ಯೂಟರ್‌ನಲ್ಲಿ ಕ್ಯೂಜಿಐಎಸ್, 3.26 ಅಥವಾ ಅದಕ್ಕಿಂತ ಹೊಸದು. ಹಳೆಯದರಲ್ಲಿ ಬಿಂದು ಕೊಡುವ ಜಿಯೋರೆಫರೆನ್ಸರ್ ರಾಸ್ಟರ್ ಮೆನುವಿನಲ್ಲಿತ್ತು, ಈಗ ಲೇಯರ್ ಮೆನುವಿನಲ್ಲಿದೆ. ಹಳೆ ವಿಡಿಯೋ ನೋಡಿಕೊಂಡು ಹುಡುಕುವವರು ಇಲ್ಲೇ ಕಳೆದುಹೋಗುತ್ತಾರೆ.

ಫೋನ್‌ನಲ್ಲಿ ಜಿಯೋಪಿಡಿಎಫ್ ಓದುವ ಆ್ಯಪ್ ಬೇಕು. ಅವೆನ್ಜಾ ಮ್ಯಾಪ್ಸ್ ಹೆಚ್ಚು ಬಳಕೆಯಲ್ಲಿದೆ. ಮಾಮೂಲಿ ಪಿಡಿಎಫ್ ರೀಡರ್‌ನಲ್ಲಿ ನೀಲಿ ಚುಕ್ಕೆ ಬರುವುದಿಲ್ಲ. ಜೊತೆಗೆ ಒಂದು ನೋಟ್‌ಬುಕ್. ಯಾವ ಬಿಂದು ಎಲ್ಲಿಟ್ಟಿರಿ ಎಂದು ಬರೆದುಕೊಳ್ಳದವರು ಎರಡನೇ ಸಲ ಮೊದಲಿಂದ ಶುರು ಮಾಡುತ್ತಾರೆ.

## 2. ಚಿತ್ರವನ್ನು ಸರಿಯಾಗಿ ತಯಾರು ಮಾಡಿ

ಸಾಧ್ಯವಾದರೆ ಸ್ಕ್ಯಾನ್ ಮಾಡಿಸಿ, 300 ಡಿಪಿಐ, ಕಲರ್. ಜೆರಾಕ್ಸ್ ಅಂಗಡಿಯಲ್ಲಿ ಬ್ಲ್ಯಾಕ್ ಆ್ಯಂಡ್ ವೈಟ್ ಸ್ಕ್ಯಾನ್ ಮಾಡಿ ಕೊಟ್ಟರೆ ಬೇಡ ಅನ್ನಿ. ಬರೀ ಕಪ್ಪು ಬಿಳುಪಿನ ಫೈಲ್, ಅಥವಾ 256 ಬಣ್ಣದ ಪಿಎನ್‌ಜಿ, ಮುಂದೆ ತಿರುಗಿಸುವಾಗ ಗೆರೆಗಳನ್ನು ಹರಿದು ಹಾಕುತ್ತದೆ, ಬಣ್ಣ ಕಲಸುತ್ತದೆ. ಅಂಥ ಫೈಲೇ ಇದ್ದರೆ ಮೊದಲು ಆರ್‌ಜಿಬಿಗೆ ಬದಲಾಯಿಸಿಕೊಳ್ಳಿ.

ಭೂದಾಖಲೆಗಳ ಇಲಾಖೆಯ ತಾಣದಿಂದ ಇಳಿಸಿದ ಪಿಡಿಎಫ್ ಆಗಿದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆಯಬೇಡಿ. 300 ಡಿಪಿಐಯಲ್ಲಿ ಟಿಫ್ ಅಥವಾ ಪಿಎನ್‌ಜಿಗೆ ಪರಿವರ್ತಿಸಿ. ಪಿಡಿಎಫ್ ಅನ್ನೇ ನೇರ ಕೊಟ್ಟರೆ ಕ್ಯೂಜಿಐಎಸ್ ಒಳಗೆ ಫೈಲ್ ತೆರೆಯುವ ಜಿಡಾಲ್ ಎಂಬ ಭಾಗ ತಾನಾಗಿ 150 ಡಿಪಿಐ ಸುಮಾರಿಗೆ ತೆರೆಯುತ್ತದೆ, ಸರ್ವೆ ನಂಬರ್‌ಗಳು ಮಸುಕಾಗುತ್ತವೆ.

ಫೋನ್‌ನಲ್ಲಿ ಫೋಟೋ ತೆಗೆಯುವುದೇ ಗತಿ ಅಂತಾದರೆ, ನಕಾಶೆಯನ್ನು ನೆಲದ ಮೇಲೆ ಚಪ್ಪಟೆ ಹಾಸಿ, ನೇರ ಮೇಲಿನಿಂದ ತೆಗೆಯಿರಿ. ಆ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ.

ಇನ್ನೊಂದು ಕಾಟ: ಫೋನ್‌ನಲ್ಲಿ ನೆಟ್ಟಗೆ ಕಾಣುವ ಫೋಟೋ ಕ್ಯೂಜಿಐಎಸ್‌ನಲ್ಲಿ ಅಡ್ಡ ಮಲಗಿರುತ್ತದೆ. ಫೋನ್ ಚಿತ್ರವನ್ನು ನಿಜಕ್ಕೂ ತಿರುಗಿಸಿರುವುದಿಲ್ಲ, 'ತಿರುಗಿಸಿ ತೋರಿಸು' ಎಂಬ ಚೀಟಿ ಮಾತ್ರ ಅಂಟಿಸಿರುತ್ತದೆ. ಫೋಟೋ ಎಡಿಟರ್‌ನಲ್ಲಿ ತಿರುಗಿಸಿ ಹೊಸ ಫೈಲ್ ಆಗಿ ಉಳಿಸಿ.

ಅಂಚು ಕತ್ತರಿಸುವುದು, ತಿರುಗಿಸುವುದು, ಸೈಜ್ ಬದಲಾಯಿಸುವುದು ಎಲ್ಲ ಈಗಲೇ ಮುಗಿಯಬೇಕು. ಬಿಂದು ಕೊಟ್ಟ ಮೇಲೆ ಚಿತ್ರವನ್ನು ಪೇಂಟ್‌ನಲ್ಲಿ ತೆರೆದು ಒಂದು ಅಂಚು ಕತ್ತರಿಸಿದರೂ ಪಿಕ್ಸೆಲ್ ಲೆಕ್ಕ ಬದಲಾಗಿ ಕೊಟ್ಟ ಬಿಂದುಗಳೆಲ್ಲ ಸುಳ್ಳಾಗುತ್ತವೆ. ನಕಾಶೆ ಎರಡು ಮೂರು ಹಾಳೆಯಲ್ಲಿದ್ದರೆ ಫೋಟೋ ಅಂಗಡಿಯಲ್ಲಿ ಜೋಡಿಸಬೇಡಿ. ಒಂದೊಂದು ಹಾಳೆಗೂ ಬೇರೆ ಬೇರೆ ಬಿಂದು ಕೊಡಿ, ಅವು ತಾವಾಗಿ ಪಕ್ಕಪಕ್ಕ ಕೂರುತ್ತವೆ.

ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ, ನಡುವೆ ಜಾಗ ಬಿಡದೆ ಇರಲಿ.

*ಪರೀಕ್ಷೆ:* ಚಿತ್ರವನ್ನು ದೊಡ್ಡದು ಮಾಡಿದಾಗ ಅತಿ ಸಣ್ಣ ಸರ್ವೆ ನಂಬರ್ ಓದಲು ಬರುತ್ತದೆಯೇ? ಬಾರದಿದ್ದರೆ ಮತ್ತೆ ಸ್ಕ್ಯಾನ್ ಮಾಡಿ.

## 3. ಸಿಆರ್‌ಎಸ್ ಆರಿಸಿ

ಸಿಆರ್‌ಎಸ್ ಅಂದರೆ 'ಈ ಅಂಕಿಗಳು ಯಾವ ಲೆಕ್ಕದವು' ಎಂದು ಹೇಳುವ ಪದ್ಧತಿ. ಕೂಲಿ ಲೆಕ್ಕ ಬರೆದು ದಿನಕ್ಕೋ ವಾರಕ್ಕೋ ಹೇಳದಿದ್ದರೆ ಹೇಗೆ? ಹಾಗೆಯೇ.

ಕರ್ನಾಟಕದ ಬಹುಭಾಗಕ್ಕೆ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ) 43 ಉತ್ತರ ವಲಯ, ಇಪಿಎಸ್‌ಜಿ (ಸಿಆರ್‌ಎಸ್ ಗುರುತಿಸುವ ಸಂಖ್ಯೆ) 32643. ಈ ವಲಯ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದ ತನಕ. ಕೋಲಾರ, ಮುಳಬಾಗಿಲು, ಕೆಜಿಎಫ್ ಕಡೆಯವರು ಗಮನಿಸಿ: ನೀವು 78ರ ಆಚೆ ಇದ್ದೀರಿ. ನಿಮಗೆ 44 ಉತ್ತರ, ಇಪಿಎಸ್‌ಜಿ 32644.

ಬಿಂದು ಹೋಲಿಸಲು ಬೇಕಾಗುವ ಸ್ಯಾಟಲೈಟ್ ಚಿತ್ರದ ಪದರ ಹಾಕಿದ ತಕ್ಷಣ ಪ್ರಾಜೆಕ್ಟ್ ತಾನಾಗಿ ಇಪಿಎಸ್‌ಜಿ 3857ಕ್ಕೆ ಹೋಗಬಹುದು. ಅದು ವೆಬ್ ನಕ್ಷೆಗಳ ಪದ್ಧತಿ. ಅದರಲ್ಲೂ ಕೆಲಸ ಆಗುತ್ತದೆ, ಆದರೆ ಉದ್ದ ಅಳೆಯುವಾಗ ಮೋಸ. 14 ಡಿಗ್ರಿ ಅಕ್ಷಾಂಶದಲ್ಲಿ, ಅಂದರೆ ಹೆಚ್ಚು ಕಡಿಮೆ ಶಿವಮೊಗ್ಗ ದಾವಣಗೆರೆ ಸಾಲಿನಲ್ಲಿ, ಅದರ ಉದ್ದ ಸುಮಾರು ನೂರಕ್ಕೆ 3ರಷ್ಟು ಜಾಸ್ತಿ. ವಿಸ್ತೀರ್ಣ ನೂರಕ್ಕೆ 6ರಷ್ಟು ಜಾಸ್ತಿ. ಎಕರೆ ಗುಂಟೆ ಲೆಕ್ಕ ಹಾಕುವವರಿಗೆ ಇದು ಸಣ್ಣದಲ್ಲ. ಬಲಗಡೆ ಕೆಳಮೂಲೆಯ ಇಪಿಎಸ್‌ಜಿ ಗುಂಡಿ ಒತ್ತಿ 32643 (ಕೋಲಾರದ ಕಡೆ 32644) ಮಾಡಿಕೊಂಡೇ ಮುಂದೆ ಹೋಗಿ.

ನಿಮ್ಮಲ್ಲಿರುವುದು ಗ್ರಾಮ ನಕಾಶೆಯಲ್ಲ, ಸರ್ವೆ ಆಫ್ ಇಂಡಿಯಾದ ಟೋಪೋ ಶೀಟ್ ಎಂದಾದರೆ ಒಂದು ಮಾತು. 2005ರ ನಕ್ಷೆ ನೀತಿಯ ನಂತರದ ಓಪನ್ ಸೀರೀಸ್ ಶೀಟ್‌ಗಳು ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಪದ್ಧತಿಯಲ್ಲಿವೆ. ಅದಕ್ಕೂ ಹಿಂದಿನವು ಎವರೆಸ್ಟ್ ಪದ್ಧತಿಯವು. ಹಳೆ ಶೀಟ್‌ನ ಮೂಲೆಯಲ್ಲಿರುವ ಅಕ್ಷಾಂಶ ರೇಖಾಂಶವನ್ನು ಹಾಗೇ ಡಬ್ಲ್ಯೂಜಿಎಸ್ 84 ಎಂದು ಕೊಟ್ಟರೆ, ನಮ್ಮ ಕಡೆ ಇಡೀ ನಕ್ಷೆ ನೂರು ಮೀಟರಿಗೂ ಜಾಸ್ತಿ ಸರಿಯುತ್ತದೆ. ಅಂಥ ಬಿಂದುಗಳಿಗೆ ಎವರೆಸ್ಟ್ ಪದ್ಧತಿಯ ಕಲ್ಯಾಣಪುರ 1975, ಇಪಿಎಸ್‌ಜಿ 4146 ಆರಿಸಿ ನೋಡಿ.

*ಎಚ್ಚರಿಕೆಯ ಗುರುತು:* ಎಲ್ಲ ಕಡೆಯೂ ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ಸರಿದಿದ್ದರೆ ಅದು ಬಿಂದುವಿನ ತಪ್ಪಲ್ಲ, ಪದ್ಧತಿಯ ತಪ್ಪು.

## 4. ಬಿಂದು ಕೊಡುವುದು: ಇಲ್ಲಿ ಆತುರ ಬೇಡ

ಇಡೀ ಕೆಲಸದಲ್ಲಿ ಅರ್ಧ ಸಮಯ ಇಲ್ಲಿ ಕಳೆಯಬೇಕು. ಕಳೆಯುವುದಿಲ್ಲ, ಅದೇ ಸಮಸ್ಯೆ.

ಜಿಯೋರೆಫರೆನ್ಸರ್‌ನಲ್ಲಿ ಚಿತ್ರ ತೆರೆಯಿರಿ. ಆ್ಯಡ್ ಪಾಯಿಂಟ್ ಒತ್ತಿ, ಚಿತ್ರದ ಮೇಲೆ ಒಂದು ಜಾಗ ಕ್ಲಿಕ್ ಮಾಡಿ, 'ಫ್ರಮ್ ಮ್ಯಾಪ್ ಕ್ಯಾನ್ವಾಸ್' ಒತ್ತಿ, ಸ್ಯಾಟಲೈಟ್ ಪದರದಲ್ಲಿ ಅದೇ ಜಾಗ ತೋರಿಸಿ. ಹೊಸ ಆವೃತ್ತಿಯಲ್ಲಿ ಪ್ರತಿ ಬಿಂದುವಿಗೂ ಸಿಆರ್‌ಎಸ್ ಆರಿಸುವ ಜಾಗ ಇದೆ. ಅದನ್ನು ಓದದೆ ಓಕೆ ಒತ್ತಬೇಡಿ.

ಯಾವ ಜಾಗ ಆರಿಸಬೇಕು? ನಕಾಶೆ ಬರೆದ ಕಾಲಕ್ಕೂ ಇವತ್ತಿಗೂ ಅಲ್ಲಾಡದ್ದು. ಕೆರೆ ಏರಿಯ ತುದಿ, ಹಳೆ ಸೇದುವ ಬಾವಿ, ಮೂರು ಊರಿನ ಗಡಿ ಸೇರುವ ಕಲ್ಲು, ಹೊಲಗಳ ಬದು ಕೂಡುವ ಮೂಲೆ. ಬದುವಿನ ಮೂಲೆಗಳು ಸ್ಯಾಟಲೈಟ್ ಚಿತ್ರದಲ್ಲಿ ಬೇಸಿಗೆಯಲ್ಲಿ ಚೆನ್ನಾಗಿ ಕಾಣುತ್ತವೆ. ಯಾವ ಸರ್ವೆ ನಂಬರ್ ಎಲ್ಲಿದೆ ಎಂದು ಅಂದಾಜು ಸಿಗದಿದ್ದರೆ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದು ನೋಡಿ, ಹುಡುಕುವ ಕೆಲಸ ಅರ್ಧ ಆಗುತ್ತದೆ.

ಆರಿಸಬಾರದ್ದು: ರಸ್ತೆ, ಹಳ್ಳ, ಮರ. ಬಂಡಿ ದಾರಿ ಇದ್ದದ್ದು ಡಾಂಬರು ರಸ್ತೆ ಆಗುವಾಗ ಒಂದು ಕಡೆಗೆ ಅಗಲವಾಗಿರುತ್ತದೆ. ಹಳ್ಳ ಮಳೆಗಾಲಕ್ಕೊಂದು ದಾರಿ ಹಿಡಿಯುತ್ತದೆ. ದೇವಸ್ಥಾನ ಒಳ್ಳೆಯದು ಅನ್ನಿಸುತ್ತದೆ, ಆದರೆ ನಕಾಶೆಯಲ್ಲಿ ಅದೊಂದು ಚಿಹ್ನೆ ಅಷ್ಟೆ. ಚಿಹ್ನೆಯ ಯಾವ ತುದಿ ಗರ್ಭಗುಡಿ ಅಂತ ಯಾರಿಗೂ ಗೊತ್ತಿಲ್ಲ. ನಾನು ಮೊದಲ ಸಲ ಮಾಡಿದ ನಕ್ಷೆಯಲ್ಲಿ ಆರರಲ್ಲಿ ನಾಲ್ಕು ಬಿಂದು ರಸ್ತೆ ಕೂಡುವ ಜಾಗಗಳೇ. ಆ ನಕ್ಷೆ ಹಿಡಿದು ಹೋಗಿ ಪಕ್ಕದವರ ಅಡಿಕೆ ತೋಟದೊಳಗೆ ನಿಂತು 'ಇದು ನಮ್ಮದು' ಅಂದುಬಿಟ್ಟಿದ್ದೆ. ಪುಣ್ಯಕ್ಕೆ ಅವರು ನಕ್ಕು ಸುಮ್ಮನಾದರು.

ಎಷ್ಟು ಬಿಂದು? ಕನಿಷ್ಠ ಆರು, ಎಂಟು ಹತ್ತು ಇದ್ದರೆ ಒಳ್ಳೆಯದು. ನಾಲ್ಕೂ ಮೂಲೆಗೆ ಹರಡಿರಬೇಕು, ನಡುವೆ ಒಂದೆರಡು ಇರಬೇಕು. ಊರಿನ ಮನೆಗಳ ಹತ್ತಿರ ಹತ್ತು ಬಿಂದು ಗುಡ್ಡೆ ಹಾಕಿ, ಗೋಮಾಳದ ಕಡೆ ಒಂದೂ ಇಲ್ಲದಿದ್ದರೆ ಗೋಮಾಳ ಎಲ್ಲಿಗಾದರೂ ಹೋದೀತು.

ಅಂಕಿ ಟೈಪ್ ಮಾಡುವವರಿಗೆ ಎರಡು ಎಚ್ಚರಿಕೆ. ಒಂದು, ಎಕ್ಸ್ ಅಂದರೆ ಪೂರ್ವ, ಅಂದರೆ ರೇಖಾಂಶ, ನಮ್ಮಲ್ಲಿ 74ರಿಂದ 78ರ ಆಸುಪಾಸು. ವೈ ಅಂದರೆ ಉತ್ತರ, ಅಕ್ಷಾಂಶ, 11ರಿಂದ 19ರೊಳಗೆ. ಗೂಗಲ್ ಮ್ಯಾಪ್ಸ್‌ನಿಂದ ಕಾಪಿ ಮಾಡಿದರೆ ಅಕ್ಷಾಂಶ ಮೊದಲು ಬರುತ್ತದೆ, ಅದಕ್ಕೇ ಅದಲು ಬದಲಾಗುವುದು. ಎರಡು, 13 ಡಿಗ್ರಿ 15 ನಿಮಿಷ ಅಂದರೆ 13.15 ಅಲ್ಲ, 13.25. ಈ ಒಂದು ತಪ್ಪಿಗೆ ಬೆಲೆ ಸುಮಾರು 11 ಕಿಲೋಮೀಟರ್.

ಮುಗಿದ ತಕ್ಷಣ ಸೇವ್ ಜಿಸಿಪಿ ಪಾಯಿಂಟ್ಸ್ ಒತ್ತಿ ಬಿಂದುಗಳನ್ನು ಉಳಿಸಿ. ಕರೆಂಟ್ ಹೋಗುವುದು ಯಾವಾಗಲೂ ಒಂಬತ್ತನೇ ಬಿಂದುವಿಗೇ.

## 5. ಟ್ರಾನ್ಸ್‌ಫಾರ್ಮೇಶನ್ ಆರಿಸಿ, ಟಿಫ್ ಮಾಡಿ

ಟ್ರಾನ್ಸ್‌ಫಾರ್ಮೇಶನ್ ಅಂದರೆ ಬಿಂದುಗಳಿಗೆ ಹೊಂದುವಂತೆ ಚಿತ್ರವನ್ನು ಕೂರಿಸುವ ಬಗೆ. ಗಿಯರ್ ಚಕ್ರದ ಗುರುತು ಒತ್ತಿದರೆ ಸೆಟಿಂಗ್ಸ್ ಬರುತ್ತದೆ. ಗ್ರಾಮ ನಕಾಶೆಯ ಸ್ಕ್ಯಾನ್‌ಗೆ ಪಾಲಿನಾಮಿಯಲ್ 1 ಸಾಕು. ಹಳೆ ಕಾಗದ ಒಂದು ದಿಕ್ಕಿಗೆ ಜಾಸ್ತಿ ಕುಗ್ಗಿದ್ದರೂ ಅದು ಸಂಭಾಳಿಸುತ್ತದೆ. ಫೋನ್ ಫೋಟೋ ಆಗಿದ್ದರೆ ಪ್ರೊಜೆಕ್ಟಿವ್, ಅದಕ್ಕೆ ಕನಿಷ್ಠ 4 ಬಿಂದು ಬೇಕು. ಲೀನಿಯರ್ ಬೇಡ. ಅದು ಚಿತ್ರವನ್ನು ತಿರುಗಿಸುವುದಿಲ್ಲ, ಪಕ್ಕದಲ್ಲಿ ವರ್ಲ್ಡ್ ಫೈಲ್ ಎಂಬ ಸಣ್ಣ ಫೈಲ್ ಮಾತ್ರ ಇಡುತ್ತದೆ. ಅದರಲ್ಲಿ ಆರು ಸಾಲು ಅಂಕಿ ಇರುತ್ತವೆ, ಸಿಆರ್‌ಎಸ್ ಇರುವುದಿಲ್ಲ. ಹೆಸರು ಒಂದಕ್ಷರ ಬದಲಾದರೂ ಚಿತ್ರಕ್ಕೂ ಅದಕ್ಕೂ ನಂಟು ಕಡಿದುಹೋಗುತ್ತದೆ.

ಪಾಲಿನಾಮಿಯಲ್ 2, 3 ಮತ್ತು ಥಿನ್ ಪ್ಲೇಟ್ ಸ್ಪ್ಲೈನ್ ಕಡೆ ಕೈ ಹೋಗುವುದು ಸಹಜ, ಯಾಕೆಂದರೆ ಅವುಗಳಲ್ಲಿ ತಪ್ಪಿನ ಅಂಕಿ ಕಡಿಮೆ ತೋರಿಸುತ್ತದೆ. ಅವು ನಿಮ್ಮ ತಪ್ಪು ಬಿಂದುವಿಗೆ ತಕ್ಕಂತೆ ನಕಾಶೆಯನ್ನೇ ಬಗ್ಗಿಸುತ್ತವೆ. ನೇರ ಗಡಿ ಬಿಲ್ಲಿನಂತೆ ಬಾಗಿದ್ದರೆ ಕಾರಣ ಇದೇ.

ಇದೇ ಮಾತಿಗೆ ಇನ್ನೊಂದು. ಪಾಲಿನಾಮಿಯಲ್ 1ಕ್ಕೆ ಸರಿಯಾಗಿ ಮೂರೇ ಬಿಂದು ಕೊಟ್ಟರೆ ತಪ್ಪು ಸೊನ್ನೆ ಎಂದು ತೋರಿಸುತ್ತದೆ. 'ಪರ್ಫೆಕ್ಟ್!' ಅಂತ ಖುಷಿಪಡಬೇಡಿ. ಮೂರು ಬಿಂದುವಿಗೆ ಯಾವಾಗಲೂ ಸೊನ್ನೆಯೇ, ಬಿಂದುಗಳು ತಪ್ಪಾಗಿದ್ದರೂ. ನಾಲ್ಕನೆಯದು ಬಂದ ಮೇಲೆಯೇ ಆ ಅಂಕಿಗೆ ಅರ್ಥ.

ಟೇಬಲ್‌ನಲ್ಲಿ ಪ್ರತಿ ಬಿಂದುವಿನ ಪಕ್ಕ ರೆಸಿಡ್ಯುಯಲ್ ಎಂಬ ತಪ್ಪಿನ ಅಂಕಿ ಇರುತ್ತದೆ, ಪಿಕ್ಸೆಲ್‌ನಲ್ಲಿ. ಅದನ್ನು ಮೀಟರ್‌ಗೆ ತಿರುಗಿಸಿ ಓದಿ. ನಕಾಶೆ 8 ಇಂಚಿಗೆ 1 ಮೈಲಿ ಅಳತೆಯದ್ದಾದರೆ, ಅಂದರೆ 1:7920, 300 ಡಿಪಿಐ ಸ್ಕ್ಯಾನ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 0.67 ಮೀಟರ್. 10 ಪಿಕ್ಸೆಲ್ ತಪ್ಪು ಅಂದರೆ ಸುಮಾರು ಏಳು ಮೀಟರ್. ಒಂದು ಬಿಂದುವಿನಲ್ಲಿ ಮಾತ್ರ 60 ಇದ್ದು ಉಳಿದವುಗಳಲ್ಲಿ 8, 10 ಇದ್ದರೆ ಆ ಒಂದನ್ನು ಮತ್ತೆ ನೋಡಿ. ಅಂಕಿ ಚಂದ ಕಾಣಲಿ ಅಂತ ಸುಮ್ನೆ ಅಳಿಸಬೇಡಿ. ಯಾಕೆ ತಪ್ಪಾಯಿತು ಗೊತ್ತಾದ ಮೇಲೆ ಅಳಿಸಿ.

ಉಳಿದ ಸೆಟಿಂಗ್ಸ್ ಬೇಗ ಮುಗಿಯುತ್ತವೆ. ಟಾರ್ಗೆಟ್ ಸಿಆರ್‌ಎಸ್ 32643 (ಕೋಲಾರದ ಕಡೆ 32644). ರೀಸ್ಯಾಂಪ್ಲಿಂಗ್ ಕ್ಯೂಬಿಕ್. ಕಂಪ್ರೆಶನ್ ಎಲ್‌ಜೆಡ್‌ಡಬ್ಲ್ಯೂ. ಕಂಪ್ರೆಶನ್ ಇಲ್ಲದೆ ಎ0 ಅಳತೆಯ ಕಲರ್ ಸ್ಕ್ಯಾನ್ 300 ಡಿಪಿಐಯಲ್ಲಿ 400 ಎಂಬಿ ದಾಟುತ್ತದೆ. 'ಯೂಸ್ 0 ಫಾರ್ ಟ್ರಾನ್ಸ್‌ಪರೆನ್ಸಿ' ಟಿಕ್ ಮಾಡಿದರೆ ತಿರುಗಿಸಿದಾಗ ಬರುವ ಕಪ್ಪು ಮೂಲೆಗಳು ಹೋಗುತ್ತವೆ, ಆದರೆ ಅಚ್ಚ ಕಪ್ಪು ಮಸಿಯ ಗೆರೆಗಳೂ ಮಾಯವಾಗಬಹುದು. ಗೆರೆ ತುಂಡು ತುಂಡಾಗಿ ಕಂಡರೆ ಈ ಟಿಕ್ ತೆಗೆಯಿರಿ.

ಅಲ್ಲೇ 'ಜನರೇಟ್ ಪಿಡಿಎಫ್ ಮ್ಯಾಪ್' ಅಂತ ಒಂದು ಜಾಗ ಇದೆ. ಎಷ್ಟೋ ಜನ ಅದನ್ನೇ ಫೋನ್‌ಗೆ ಹಾಕಿಕೊಂಡು ಹೋಗುತ್ತಾರೆ. ಅದು ನೀವು ಕೊಟ್ಟ ಬಿಂದುಗಳನ್ನು ಪರಿಶೀಲಿಸಲು ಇರುವ ಪಿಡಿಎಫ್. ಖಾಲಿ ಬಿಡಿ.

*ಪರೀಕ್ಷೆ:* ಬಂದ ಟಿಫ್ ಅನ್ನು ಸ್ಯಾಟಲೈಟ್ ಮೇಲೆ ಹಾಕಿ, ಅರ್ಧ ಪಾರದರ್ಶಕ ಮಾಡಿ, ಬಿಂದು ಕೊಡದೇ ಇದ್ದ ಮೂರು ಜಾಗ ನೋಡಿ. ಬಿಂದು ಕೊಟ್ಟ ಜಾಗ ಸರಿ ಕೂರುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ಅಲ್ವಾ?

## 6. ಪಿಡಿಎಫ್ ಮಾಡಿ

ಪ್ರಾಜೆಕ್ಟ್ ಮೆನುವಿನಲ್ಲಿ ನ್ಯೂ ಪ್ರಿಂಟ್ ಲೇಔಟ್. ಆ್ಯಡ್ ಮ್ಯಾಪ್ ಒತ್ತಿ ಹಾಳೆಯ ಮೇಲೆ ಚೌಕ ಎಳೆಯಿರಿ. ಆ್ಯಡ್ ಪಿಕ್ಚರ್ ಒತ್ತಿ ಮೂಲ ಜೆಪಿಜಿಯನ್ನು ಅಂಟಿಸುವವರಿದ್ದಾರೆ. ನೋಡಲು ಎರಡೂ ಒಂದೇ, ಆದರೆ ಅಂಟಿಸಿದ ಚಿತ್ರಕ್ಕೆ ಭೂಮಿಯ ಪರಿಚಯವೇ ಇಲ್ಲ.

ಮೂಲೆಯಲ್ಲಿ ತಾಲೂಕಿನ ಸಣ್ಣ ನಕ್ಷೆಯೂ ಇಟ್ಟಿದ್ದರೆ, ಬಲಗಡೆ ಲೇಔಟ್ ಟ್ಯಾಬ್‌ನಲ್ಲಿ ರೆಫರೆನ್ಸ್ ಮ್ಯಾಪ್ ಯಾವುದು ಎಂದು ನೋಡಿ. ಅದು ದೊಡ್ಡ ನಕ್ಷೆಯೇ ಆಗಿರಬೇಕು. ಸಣ್ಣದು ಆಯ್ಕೆಯಾಗಿದ್ದರೆ ಇಡೀ ಹಾಳೆಗೆ ತಾಲೂಕಿನ ಅಳತೆ ಅಂಟಿಕೊಳ್ಳುತ್ತದೆ.

ನಂತರ ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್. ಬರುವ ಕಿಟಕಿಯಲ್ಲಿ 'ಅಪೆಂಡ್ ಜಿಯೋರೆಫರೆನ್ಸ್ ಇನ್ಫರ್ಮೇಶನ್' ಟಿಕ್ ಇರಲೇಬೇಕು. ಒಂದೇ ಚಿತ್ರದ ನಕ್ಷೆಗೆ ಅಷ್ಟು ಸಾಕು. ಕೆಳಗಿನ 'ಕ್ರಿಯೇಟ್ ಜಿಯೋಸ್ಪೇಷಿಯಲ್ ಪಿಡಿಎಫ್' ಬೂದಿ ಬಣ್ಣದಲ್ಲಿದ್ದು ಒತ್ತಲು ಬಾರದಿದ್ದರೆ ಗಾಬರಿ ಬೇಡ. ಪದರಗಳನ್ನು ಬೇರೆ ಬೇರೆಯಾಗಿ ಆನ್ ಆಫ್ ಮಾಡಬೇಕೆಂದಿದ್ದರೆ ಮಾತ್ರ ಅದರ ಗೊಡವೆ.

ಪ್ರಿಂಟ್ ಕೊಟ್ಟು 'ಪ್ರಿಂಟ್ ಟು ಪಿಡಿಎಫ್' ಮಾಡಬೇಡಿ. ಅದು ಬರೀ ಕಾಗದದ ಚಿತ್ರ.

## 7. ಫೋನ್‌ಗೆ ಹಾಕುವ ಮುಂಚೆ ಮತ್ತು ಹಾಕಿದ ಮೇಲೆ

ಮೊದಲಿಗೆ ಹೇಳಿದ ಖಾಲಿ ಪ್ರಾಜೆಕ್ಟ್ ಪರೀಕ್ಷೆಯನ್ನು ಹೊಸ ಪಿಡಿಎಫ್‌ಗೂ ಮಾಡಿ. ಇದಕ್ಕೆ ಎರಡು ನಿಮಿಷ. ಮಾಡದಿದ್ದರೆ ಹೊಲಕ್ಕೆ ಎರಡನೇ ಸಲ ಹೋಗಬೇಕು.

ಪಾಸಾದ ಪಿಡಿಎಫ್ ಅನ್ನು ಮತ್ತೆ ಮುಟ್ಟಬೇಡಿ. ಸೈಜ್ ಇಳಿಸುವ ತಾಣಗಳು, ಪುಟ ಜೋಡಿಸುವ ಆ್ಯಪ್‌ಗಳು ಜಾಗದ ಮಾಹಿತಿಯನ್ನು ಕಸ ಅಂದುಕೊಂಡು ಎಸೆದುಬಿಡಬಹುದು. ಫೈಲ್ ದೊಡ್ಡದಾಯಿತು ಅನ್ನಿಸಿದರೆ ಲೇಔಟ್‌ಗೆ ವಾಪಸ್ ಹೋಗಿ ಎಕ್ಸ್‌ಪೋರ್ಟ್ ರೆಸಲ್ಯೂಶನ್ 300ರಿಂದ 200ಕ್ಕೆ ಇಳಿಸಿ. ಕಳಿಸುವಾಗ ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಆ್ಯಪ್‌ನಲ್ಲಿ ಚುಕ್ಕೆ ಬರದಿದ್ದರೆ ಮನೆಯಲ್ಲಿ ಕೂತೇ ನಿರ್ಧರಿಸಬೇಡಿ. ನೀವು ನಕ್ಷೆಯ ಹೊರಗಿದ್ದರೂ ಚುಕ್ಕೆ ಬರುವುದಿಲ್ಲ. ಲೊಕೇಶನ್ ಅನುಮತಿ ಕೊಡದಿದ್ದರೂ ಬರುವುದಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ಅಕ್ಷಾಂಶ ರೇಖಾಂಶ ತೋರಿಸುತ್ತದೆಯೇ ನೋಡಿ. ತೋರಿಸಿದರೆ ಪಿಡಿಎಫ್ ಸರಿ ಇದೆ, ಹೊಲಕ್ಕೆ ನಡೆಯಿರಿ.

## 8. ಹೊಲದಲ್ಲಿ

ಮೊದಲು ನಿಮಗೆ ಖಾತ್ರಿ ಗೊತ್ತಿರುವ ಒಂದು ಕಲ್ಲಿನ ಹತ್ತಿರ ಹೋಗಿ. ಆಕಾಶ ಕಾಣುವ ಕಡೆ ಒಂದೆರಡು ನಿಮಿಷ ಅಲ್ಲಾಡದೆ ನಿಂತು ಚುಕ್ಕೆ ಎಷ್ಟು ದೂರ, ಯಾವ ದಿಕ್ಕಿಗೆ ಇದೆ ಬರೆದುಕೊಳ್ಳಿ. ಇನ್ನೆರಡು ಮೂಲೆಗಳಲ್ಲಿ ಅದನ್ನೇ ಮಾಡಿ. ಮೂರೂ ಕಡೆ ಒಂದೇ ದಿಕ್ಕು, ಒಂದೇ ದೂರ ಅಂದರೆ 3ನೇ ಹಂತಕ್ಕೆ ವಾಪಸ್. ಸರಿದದ್ದು ಕೆಲವೇ ಮೀಟರ್ ಆಗಿದ್ದರೆ ನೀವು ಬಳಸಿದ ಸ್ಯಾಟಲೈಟ್ ಪದರವೇ ಅಷ್ಟು ಸರಿದಿರಬಹುದು, ಅದೂ ಉಂಟು. ಒಂದೊಂದು ಕಡೆ ಒಂದೊಂದು ದಿಕ್ಕು ಅಂದರೆ 4ನೇ ಹಂತ.

ಐದಾರು ಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಫೋನ್‌ನ ಜಿಪಿಎಸ್ ಬಯಲಲ್ಲೇ ಸುಮಾರು 5 ಮೀಟರ್ ಆಚೀಚೆ, ಅಡಿಕೆ ತೆಂಗಿನ ತೋಟದೊಳಗೆ ಇನ್ನೂ ಜಾಸ್ತಿ. ಮೇಲಾಗಿ 1:7920 ನಕಾಶೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 4 ಮೀಟರ್ ಅಗಲ. ಗೆರೆಯ ಯಾವ ಬದಿ ಗಡಿ ಎಂದು ಈ ನಕ್ಷೆ ಹೇಳಲಾರದು.

ಆದ್ದರಿಂದ ಇದನ್ನು ನಂಬಿ ಬೇಲಿ ಹಾಕಬೇಡಿ, ಪಕ್ಕದವರ ಜೊತೆ ಮಾತಿಗೆ ಮಾತು ಬೆಳೆಸಬೇಡಿ. ಯಾವ ಸರ್ವೆ ನಂಬರ್ ಸುಮಾರು ಎಲ್ಲಿದೆ, ಹಳೆ ಬಾವಿ, ದಾರಿ, ಹಳ್ಳ ಎಲ್ಲಿ ಹಾದಿತ್ತು ಎಂದು ನೋಡಲು ಇದು ಚೆನ್ನಾಗಿ ಆಗುತ್ತದೆ. ಗಡಿ ತಕರಾರು ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ. ಸರ್ವೆಯರ್ ಬಂದು ಅಳೆದು ಕಲ್ಲು ನೆಟ್ಟ ದಿನ, ಆ ಕಲ್ಲುಗಳ ಜಾಗವನ್ನು ಫೋನ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಮುಂದಿನ ಸಲ ಇದೇ ನಕಾಶೆಗೆ ಬಿಂದು ಕೊಡುವಾಗ ಎಲ್ಲಿ ಹುಡುಕಬೇಕು ಎಂದು ಆಗ ಗೊತ್ತಿರುತ್ತದೆ.